ದುಡಿಮೆಯೂ ಬಾಳಿನ ಏಳಿಗೆಯೂ

ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳುಹಿಸುವ ತಾಯಿತಂದೆಗಳು ಉಪಾಧ್ಯಾಯಿನಿಯರನ್ನು ಕಂಡಾಗ ಒಂದು ಪ್ರಶ್ನೆಯನ್ನು ಕೇಳುವುದುಂಟು: "ಅಮ್ಮಾ, ಇಷ್ಟು ಓದಿದ ಮೇಲೂ ಇವಳು ಮನೆಗೆ ಬಂದು ಸೊಪ್ಪು ಕೊಯ್ಯುವುದೇ ಆದರೆ ಓದಿನಿಂದ ಬಂದ ಲಾಭವೇನು?" ಇತ್ತ ಓದು ಮುಗಿಸಿದ ಬಾಲಿಕೆಯರಲ್ಲಿ ಕೆಲವರು, "ಪರೀಕ್ಷೆಯಲ್ಲಿ ತೇರ್ಗಡೆಯಾದ ನಾನು ಹುಳುವಿನ ತಟ್ಟೆಯನ್ನು ತೊಳೆಯಬೇಕೆ?" ಎಂದು ಒಳಗೊಳಗೇ ನೊಂದುಕೊಳ್ಳುವುದೂ ಉಂಟು. ಈ ಎರಡು ಮಾತುಗಳ ಹಿಂದೆ ಇರುವ ಅಭಿಪ್ರಾಯ ಒಂದೇ. ಕೆಲಸವೆಂಬುದು ಭಾರ, ವಿದ್ಯೆಯೆಂಬುದು ಆ ಭಾರದಿಂದ ತಪ್ಪಿಸಿಕೊಳ್ಳುವ ಬಾಗಿಲು ಎಂಬುದೇ ಆ ಅಭಿಪ್ರಾಯ. ಇದು ಸರಿಯೇ ಎಂದು ವಿಚಾರಿಸುವುದೇ ಈ ಪಾಠದ ಉದ್ದೇಶ. ಇದಕ್ಕಾಗಿ ದೂರದ ದೇಶಗಳ ದೃಷ್ಟಾಂತಗಳನ್ನು ಬಹಳವಾಗಿ ಹುಡುಕಬೇಕಾಗಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳೇ ನಮಗೆ ಸಾಕಾದಷ್ಟು ಪಾಠವನ್ನು ಹೇಳಬಲ್ಲವು.

1. ಪದಗಳ ವಿವೇಚನೆ

ನಮ್ಮ ಭಾಷೆಯಲ್ಲಿ ಈ ಒಂದು ವಿಷಯಕ್ಕೆ ಹಲವು ಪದಗಳುಂಟು. ಮೈ ಬೆವರುವಂತೆ ಮಾಡುವುದನ್ನು ದುಡಿಮೆ ಎನ್ನುತ್ತೇವೆ. ಸಂಬಳ ತರುವುದನ್ನು ಉದ್ಯೋಗ ಎನ್ನುತ್ತೇವೆ. ಮನೆಯೊಳಗೆ ಬೆಳಗಿನಿಂದ ರಾತ್ರಿಯವರೆಗೆ ನಡೆಯುವುದನ್ನು ಬರಿಯ ಕೆಲಸ ಎಂದುಬಿಡುತ್ತೇವೆ. ಹನ್ನೆರಡನೆಯ ಶತಮಾನದ ಶರಣರು ಇವೆಲ್ಲವನ್ನೂ ಒಳಗೊಳ್ಳುವ ಕಾಯಕವೆಂಬ ಪದಕ್ಕೆ ಹೊಸ ಗೌರವವನ್ನು ತಂದುಕೊಟ್ಟರು. ಕಾಯವೆಂದರೆ ದೇಹ. ದೇಹದಿಂದ ಪ್ರಾಮಾಣಿಕವಾಗಿ ಮಾಡಿದ್ದು, ತನ್ನ ಹೊಟ್ಟೆಯನ್ನು ಹೊರೆದು ಪರರಿಗೂ ಉಪಯೋಗವಾಗುವುದು, ಇದು ಕಾಯಕದ ಲಕ್ಷಣ. ಮಡಿವಾಳ, ಅಂಬಿಗ, ಚಮ್ಮಾರ, ನೇಕಾರ ಮೊದಲಾದವರೆಲ್ಲರೂ ಅನುಭವಮಂಟಪದ ಸಂಪ್ರದಾಯದಲ್ಲಿ ತಮ್ಮ ತಮ್ಮ ಕಾಯಕದ ಹೆಸರಿನಿಂದಲೇ ಸ್ಮರಿಸಲ್ಪಡುತ್ತಾರೆ. ಹೀಗೆ ಕೆಲಸದ ಹೆಸರು ಮನುಷ್ಯನಿಗೆ ಅವಮಾನವಾಗದೆ ಬಿರುದಾದದ್ದು ನಮ್ಮ ನಾಡಿನ ಒಂದು ದೊಡ್ಡ ಸಂಪತ್ತು.

ಕ್ರೈಸ್ತ ಸಭೆಯ ಆರಂಭದ ಚರಿತ್ರೆಯಲ್ಲಿಯೂ ಅಪೊಸ್ತಲನಾದ ಪೌಲನು ಗುಡಾರ ಮಾಡುವ ಕಸುಬಿನಿಂದ ಜೀವಿಸುತ್ತಿದ್ದನೆಂಬುದನ್ನು ನಮ್ಮ ಶಾಲೆಯಲ್ಲಿ ಓದಿದವರು ಬಲ್ಲರು. ಬೋಧಕನಾದವನು ಕೈಕೆಲಸವನ್ನು ಬಿಡಬೇಕೆಂದು ಅವನಿಗೆ ತೋರಲಿಲ್ಲ.

2. ಹುಳುಮನೆಯಲ್ಲಿ ಕಲಿಯತಕ್ಕ ಪಾಠ

ಟಿಪ್ಪು ಸುಲ್ತಾನನು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಸೀಮೆಗೆ ರೇಷ್ಮೆಯ ಕಸುಬನ್ನು ತರಿಸಿದನೆಂಬುದು ಪ್ರಸಿದ್ಧವಾಗಿದೆ. ಮುಂದೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಮ್ಷೇಟ್‌ಜಿ ಟಾಟಾರವರು ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ಒಂದು ರೇಷ್ಮೆ ತೋಟವನ್ನು ಸ್ಥಾಪಿಸಿದರು. ಅದನ್ನು ಕೆಲವು ಕಾಲ ಸಾಲ್ವೇಶನ್ ಆರ್ಮಿಯವರು ನಡೆಸಿದರು. ಇಂದು ಶಿಡ್ಲಘಟ್ಟವು ರೇಷ್ಮೆಯ ಪೇಟೆಯೆಂದು ಹೆಸರುಗೊಂಡಿದೆ. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟವಿಲ್ಲದ ಊರನ್ನು ಹುಡುಕಬೇಕು.

ಈ ಕಸುಬು ನಡೆಯುವ ಬಗೆಯನ್ನು ಗಮನಿಸಿರಿ. ನೂರು ಮೊಟ್ಟೆ ಎಂದು ರೈತರು ಹೇಳುವುದು ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳ ಗುಂಪನ್ನು. ಅದರಿಂದ ಸುಮಾರು ನಲವತ್ತು ಐವತ್ತು ಸಾವಿರ ಹುಳುಗಳು ಹೊರಡುತ್ತವೆ. ಒಡೆದ ದಿನ ಎಳ್ಳಿಗಿಂತ ಸಣ್ಣದಾಗಿರುವ ಹುಳುವು ಇಪ್ಪತ್ತೈದು ಇಪ್ಪತ್ತೆಂಟು ದಿನಗಳಲ್ಲಿ ಸುಮಾರು ಹತ್ತು ಸಾವಿರ ಪಟ್ಟು ತೂಕವಾಗುತ್ತದೆ. ಈ ಅವಧಿಯಲ್ಲಿ ಅದು ನಾಲ್ಕು ಸಾರಿ ತಿನ್ನುವುದನ್ನು ಬಿಟ್ಟು, ತಲೆಯೆತ್ತಿಕೊಂಡು ನಿಶ್ಚಲವಾಗಿ ನಿಂತು, ಹಳೆಯ ಚರ್ಮವನ್ನು ಕಳಚುತ್ತದೆ. ಇದಕ್ಕೆ ನಮ್ಮ ಹೆಣ್ಣುಮಕ್ಕಳು ಜ್ವರ ಎಂದು ಹೆಸರಿಟ್ಟಿದ್ದಾರೆ. ಜ್ವರಕ್ಕೆ ಕುಳಿತ ಹುಳುವಿಗೆ ಸೊಪ್ಪು ಹಾಕಬಾರದು. ಹಾಸಿಗೆ ಒಣಗಿರುವಂತೆ ಸುಣ್ಣದ ಪುಡಿಯನ್ನು ಉದುರಿಸಬೇಕು. ಎಲ್ಲವೂ ಎದ್ದ ಮೇಲೆಯೇ ಮತ್ತೆ ಮೇವು ಕೊಡಬೇಕು. ಕೊನೆಯ ಹಂತದಲ್ಲಿ ಹುಳುವಿನ ಹಸಿವು ಬಹಳ ಹೆಚ್ಚು. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತಲೂ ಹೆಚ್ಚು ಈ ಕೆಲವು ದಿನಗಳಲ್ಲಿಯೇ ಮುಗಿದುಹೋಗುತ್ತದೆ. ಬಳಿಕ ಮೈ ಹಳದಿಯ ಹೊಳಪಿಗೆ ತಿರುಗಿ ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಮೂರು ದಿನಗಳಲ್ಲಿ ಅದು ತನ್ನ ಬಾಯಿಂದ ಹೊರಟ ಒಂದೇ ಎಳೆಯಿಂದ ಗೂಡನ್ನು ಕಟ್ಟಿ ಮುಗಿಸುತ್ತದೆ. ಒಳ್ಳೆಯ ಜಾತಿಯ ಗೂಡಿನಲ್ಲಿ ಈ ಎಳೆಯ ಉದ್ದವು ಸಾವಿರ ಮೀಟರಿನಷ್ಟಿರುತ್ತದೆ.

ಈಗ ವಿಚಾರಮಾಡತಕ್ಕ ವಿಷಯವೇನೆಂದರೆ, ಈ ಇಪ್ಪತ್ತೆಂಟು ದಿನಗಳಲ್ಲಿ ತಯಾರಾದದ್ದು ಗೂಡು ಮಾತ್ರವೇ? ಹುಳುಮನೆಯ ಗೃಹಿಣಿಯು ಸೆಕೆ ಹೆಚ್ಚಿದುದನ್ನು ಕೈಯಿಂದಲೇ ತಿಳಿಯುತ್ತಾಳೆ. ಸೊಪ್ಪು ಮುಟ್ಟಿದೊಡನೆ ಅದು ಎಳೆಯದೋ ಬಲಿತದ್ದೋ ಎಂದು ಹೇಳುತ್ತಾಳೆ. ನಡುರಾತ್ರಿಯಲ್ಲಿ ಹುಳುಗಳು ಸೊಪ್ಪು ತಿನ್ನುವ ಮಳೆಯ ಹನಿಯಂಥ ಸದ್ದನ್ನು ಕೇಳಿ ಅವು ಆರೋಗ್ಯವಾಗಿವೆಯೆಂದು ಸಮಾಧಾನಪಡುತ್ತಾಳೆ. 1980ರಲ್ಲಿ ಊಜಿ ನೊಣವು ನಮ್ಮ ರಾಜ್ಯವನ್ನು ಪ್ರವೇಶಿಸಿ ಬೆಳೆಗಳನ್ನು ಹಾಳುಮಾಡಲಾರಂಭಿಸಿದಾಗ ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟಿ ಕಾಯುವುದನ್ನು ಆಕೆ ಕಲಿತುಕೊಂಡಳು. ಎಚ್ಚರ, ತಾಳ್ಮೆ, ಶುಚಿ, ಅವಲೋಕನ, ಕಾಲಜ್ಞಾನ ಈ ಗುಣಗಳು ಪುಸ್ತಕದಿಂದ ಬಂದವಲ್ಲ. ಕೆಲಸವೇ ಆಕೆಯಲ್ಲಿ ಇವುಗಳನ್ನು ಬೆಳೆಸಿತು. ಆದಕಾರಣ ನಾವು ಮೊದಲು ತಿಳಿಯತಕ್ಕ ಸತ್ಯವಿದು: ಒಳ್ಳೆಯ ದುಡಿಮೆಯಲ್ಲಿ ವಸ್ತುವಿನ ಸಂಗಡ ದುಡಿಯುವವರೂ ತಯಾರಾಗುತ್ತಾರೆ. ಕೆಲಸವನ್ನು ಅಳೆಯುವಾಗ ಅದರಿಂದ ಎಷ್ಟು ಹಣ ಬಂತೆಂದು ಕೇಳುವುದು ನ್ಯಾಯವೇ. ಆದರೆ ಅದನ್ನು ಮಾಡಿದವಳು ಏನಾದಳೆಂದೂ ಕೇಳತಕ್ಕದ್ದು.

3. ವಿದ್ಯೆಗೂ ಕೈಕೆಲಸಕ್ಕೂ ಇರುವ ನಂಟು

ಹಾಗಾದರೆ ವಿದ್ಯೆಯ ಅಗತ್ಯವೇನು? ಇದಕ್ಕೆ ಉತ್ತರವೂ ರೇಷ್ಮೆಯಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಫ್ರಾನ್ಸ್ ದೇಶದಲ್ಲಿ ಪೆಬ್ರಿನ್ ಎಂಬ ರೋಗದಿಂದ ಹುಳುಗಳು ಸತ್ತು ಸಾವಿರಾರು ಕುಟುಂಬಗಳು ದಿಕ್ಕುಗೆಟ್ಟವು. 1865ರಲ್ಲಿ ಲೂಯಿ ಪಾಸ್ಚರ್ ಎಂಬ ವಿಜ್ಞಾನಿಯು ಆ ಸೀಮೆಗೆ ಹೋಗಿ ಕೆಲವು ವರ್ಷಗಳ ಕಾಲ ಶ್ರಮಿಸಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿದ್ದರೆ ಆ ಮೊಟ್ಟೆಗಳನ್ನು ನಾಶಪಡಿಸುವ ಉಪಾಯವನ್ನು ಕಂಡುಹಿಡಿದನು. ಆ ಪರಿಶೋಧನೆಯ ಕಾಲದಲ್ಲಿ ಅವನ ಹೆಂಡತಿಯೂ ಮಗಳೂ ಹುಳು ಸಾಕುವುದರಲ್ಲಿ ಕೈಜೋಡಿಸಿದ್ದರು. ಇಂದಿಗೂ ನಮ್ಮ ರೈತರಿಗೆ ರೋಗರಹಿತವೆಂದು ದೊರೆಯುವ ಮೊಟ್ಟೆಗಳು ಈ ಪರೀಕ್ಷೆಯನ್ನು ದಾಟಿ ಬಂದವುಗಳೇ. ಸೂಕ್ಷ್ಮದರ್ಶಕದ ಮುಂದೆ ಕುಳಿತ ವಿದ್ಯಾವಂತೆಯೂ ತಟ್ಟೆಗೆ ಸೊಪ್ಪು ಹರಡುವ ತಾಯಿಯೂ ಒಂದೇ ಕೆಲಸದ ಎರಡು ಕೈಗಳು. ನಮ್ಮ ಚಿಂತಾಮಣಿಯಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದವರು ರೇಷ್ಮೆ ಕೃಷಿಯನ್ನು ಪದವಿಯ ವಿದ್ಯೆಯಾಗಿ ಕಲಿಸಲು ಕಾಲೇಜನ್ನು ಸ್ಥಾಪಿಸಿದ್ದು ಈ ನಂಟನ್ನು ಅರಿತೇ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಪಟ್ಟಣದ ಶಾಲೆಯಲ್ಲಿಯೇ ಮೊದಲು ಓದಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಓದಿನ ಖರ್ಚನ್ನು ನಿರ್ವಹಿಸಿದರು. 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಬಂದಿತು. 1962ರಲ್ಲಿ ನೂರು ವರ್ಷಗಳನ್ನು ದಾಟಿ ತೀರಿಕೊಂಡರು. 1951ರಲ್ಲಿ ಪ್ರಕಟವಾದ ತಮ್ಮ ಸ್ಮರಣೆಗಳ ಪುಸ್ತಕಕ್ಕೆ ಅವರು ತಮ್ಮ ಬಾಳಿನ ಕಥೆಯೆಂದು ಹೆಸರಿಡದೆ, ಕಾರ್ಯಜೀವನದ ಸ್ಮರಣೆಗಳೆಂಬ ಅರ್ಥದ ಹೆಸರನ್ನಿಟ್ಟರು. ಬಾಳೂ ಕೆಲಸವೂ ಅವರಿಗೆ ಬೇರೆಬೇರೆಯಾಗಿ ಕಾಣಲಿಲ್ಲವೆಂದು ನಾವು ಊಹಿಸಬಹುದು.

ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರು ಬಳೆಯ ಮಲಾರವನ್ನು ಹೊತ್ತು ಹಳ್ಳಿಹಳ್ಳಿ ತಿರುಗಿ ಬಳೆ ಮಾರುತ್ತಿದ್ದರೆಂದು ಪ್ರತೀತಿ. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದಗಳನ್ನು ರಚಿಸಿದ ಆ ಯೋಗಿಯನ್ನು ಜನರು ಇಂದಿಗೂ ತಾತಯ್ಯನೆಂದು ಪ್ರೀತಿಯಿಂದ ಕರೆಯುತ್ತಾರೆ. ಗೌರಿಬಿದನೂರಿನ ಬಳಿಯಲ್ಲಿಯಾದರೋ 1965ರಿಂದ ಭೂಮಿಯ ಕಂಪನಗಳನ್ನು ಅಳೆಯುವ ಕೇಂದ್ರವೂ, 1970ರ ದಶಕದಿಂದ ಆಕಾಶದ ರೇಡಿಯೋ ಅಲೆಗಳನ್ನು ಗ್ರಹಿಸುವ ದೂರದರ್ಶಕವೂ ಇವೆ. ಅಲ್ಲಿಯ ವಿಜ್ಞಾನಿಗಳ ಕೆಲಸವೆಂದರೆ ಹಗಲಿರುಳೂ ಬರುವ ಸಣ್ಣ ಸೂಚನೆಗಳನ್ನು ತಾಳ್ಮೆಯಿಂದ ಗಮನಿಸುವುದು. ಹುಳುಮನೆಯ ತಾಯಿಯಿಂದ ಅಪೇಕ್ಷಿಸುವ ಗುಣವೂ ಇದೇ ಅಲ್ಲವೆ? ಹೀಗೆ ನೋಡಿದರೆ ಕೆಲಸಗಳಲ್ಲಿ ಮೇಲು ಕೀಳು ಎಂಬ ಭೇದವು ನಮ್ಮ ಮನಸ್ಸಿನದೇ ಹೊರತು ಕೆಲಸದ್ದಲ್ಲ.

4. ಕುಗ್ಗಿಸುವ ದುಡಿಮೆ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುವುದು. ದುಡಿಮೆಯನ್ನು ಹೊಗಳುವುದು ಸುಲಭ. ಅದರಲ್ಲಿಯೂ ದುಡಿಯುವವರು ಬೇರೆಯವರಾಗಿದ್ದಾಗ ಇನ್ನೂ ಸುಲಭ. ಗೂಡಿನಿಂದ ನೂಲು ಬಿಚ್ಚುವ ಶಾಲೆಗಳನ್ನು ನೋಡಿದವರಿಗೆ ಇದು ತಿಳಿದಿದೆ. ಗೂಡಿನ ಅಂಟು ಸಡಿಲವಾಗುವಂತೆ ಅದನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬಿಸಿನೀರಿನೊಳಗೆ ಬೆರಳಾಡಿಸಿ ಎಳೆಯ ತುದಿಯನ್ನು ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ರಾಟೆಗೆ ಹತ್ತಿಸಬೇಕು. ಏಳೆಂಟು ಕಿಲೋಗ್ರಾಂ ಸಾಧಾರಣ ಗೂಡನ್ನು ಬಿಚ್ಚಿದರೆ ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆ ದೊರೆಯುತ್ತದೆ. ಹಳೆಯ ಬಗೆಯ ರಾಟೆಗಳ ಮುಂದೆ ದಿನವೆಲ್ಲ ಹಬೆ, ಹೊಗೆ, ಬೆಂದ ಹುಳುವಿನ ನಾತ ಇವುಗಳ ನಡುವೆ ಕುಳಿತವರ ಬೆರಳುಗಳ ಚರ್ಮವು ಬಿರಿಯುತ್ತದೆ; ಕೆಲವರಿಗೆ ಉಸಿರಿನ ತೊಂದರೆಯೂ ಹತ್ತುತ್ತದೆ. ಮದುವೆಯ ಸೀರೆಯ ಹೊಳಪನ್ನು ನೋಡುವ ಕಣ್ಣಿಗೆ ಈ ಕೈಗಳು ಕಾಣುವುದಿಲ್ಲ.

ಇದಕ್ಕಿಂತ ದುಃಖಕರವಾದದ್ದು ಮಕ್ಕಳ ದುಡಿಮೆ. ಕರ್ನಾಟಕದ ರೇಷ್ಮೆಯ ಉದ್ಯಮದಲ್ಲಿ ತಾಯಿತಂದೆಗಳು ಪಡೆದ ಮುಂಗಡ ಹಣಕ್ಕಾಗಿ ಚಿಕ್ಕ ಮಕ್ಕಳು ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು 1996ರಲ್ಲಿಯೂ 2003ರಲ್ಲಿಯೂ ವಿವರವಾಗಿ ಪ್ರಕಟಿಸಿತು. 1976ರಲ್ಲಿ ಜೀತವನ್ನು ನಿಷೇಧಿಸುವ ಕಾಯಿದೆಯಾಯಿತು. 1986ರಲ್ಲಿ ಬಾಲಕಾರ್ಮಿಕರ ವಿಷಯದ ಕಾಯಿದೆಯೂ, 2009ರಲ್ಲಿ ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಯೂ ಆದವು. 2016ರ ತಿದ್ದುಪಡಿಯ ಪ್ರಕಾರ ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳಕೂಡದು. ಶಾಲೆಯ ವೇಳೆಯ ಹೊರಗೆ ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ನೆರವಾಗುವುದಕ್ಕೆ ಕಾಯಿದೆಯು ಅವಕಾಶ ಕೊಟ್ಟಿದೆ. ಸಂಜೆ ತಾಯಿಯ ಸಂಗಡ ಸೊಪ್ಪು ಹರಡುವ ಬಾಲಿಕೆಯು ಕಲಿಯುತ್ತಾಳೆ. ಶಾಲೆಯನ್ನು ಬಿಟ್ಟು ದಿನವಿಡೀ ರಾಟೆಯ ಮುಂದೆ ನಿಂತ ಬಾಲಿಕೆಯು ತನ್ನ ಮುಂದಿನ ಬಾಳನ್ನೇ ಕೊಟ್ಟುಬಿಡುತ್ತಾಳೆ. ಎರಡಕ್ಕೂ ಕೆಲಸವೆಂಬ ಒಂದೇ ಹೆಸರಿದ್ದರೂ ಇವುಗಳ ಅಂತರವು ಅನ್ನಕ್ಕೂ ವಿಷಕ್ಕೂ ಇರುವಷ್ಟು.

ಮೂರನೆಯದಾಗಿ ಲೆಕ್ಕಕ್ಕೆ ಬಾರದ ದುಡಿಮೆಯೊಂದುಂಟು. ಕೇಂದ್ರ ಸರ್ಕಾರದವರು 2024ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಕಳೆಯುತ್ತಾರೆ. ಅದೇ ಕೆಲಸದಲ್ಲಿ ತೊಡಗುವ ಪುರುಷರು 88 ನಿಮಿಷಗಳನ್ನು ಕಳೆಯುತ್ತಾರೆ. ರೇಷ್ಮೆ ಬೆಳೆಯುವ ಮನೆಯಲ್ಲಿ ಇದರ ಮೇಲೆ ಹುಳುಮನೆಯ ಕೆಲಸವೂ ಸೇರುತ್ತದೆ. ಆದರೆ ಗೂಡು ಮಾರುಕಟ್ಟೆಗೆ ಹೋದಾಗ ಹಣವನ್ನು ಎಣಿಸಿಕೊಳ್ಳುವ ಕೈ ಯಾರದು? "ನಿಮ್ಮ ಮನೆಯವರು ಏನು ಮಾಡುತ್ತಾರೆ?" ಎಂದು ಕೇಳಿದರೆ "ಏನೂ ಇಲ್ಲ, ಮನೆಯಲ್ಲಿದ್ದಾರೆ" ಎಂಬ ಉತ್ತರವು ಎಷ್ಟೋ ಸಾರಿ ಬರುತ್ತದೆ. ಹತ್ತೂ ಕೆಲಸ ಮಾಡಿದವಳಿಗೆ ಏನೂ ಇಲ್ಲವೆಂಬ ಹೆಸರು!

5. ಒಳ್ಳೆಯ ದುಡಿಮೆಯ ಮೂರು ಲಕ್ಷಣಗಳು

ಮೇಲಿನ ವಿವೇಚನೆಯಿಂದ ಒಳ್ಳೆಯ ದುಡಿಮೆಗೆ ಮೂರು ಲಕ್ಷಣಗಳನ್ನು ಹೇಳಬಹುದು.

ಮೊದಲನೆಯದು, ಅದು ಇನ್ನೊಬ್ಬರ ನಿಜವಾದ ಅಗತ್ಯವನ್ನು ಪೂರೈಸಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆಯನ್ನು ತೆರೆದಾಗ ರೋಗಿಯ ಹಾಸಿಗೆಯನ್ನು ಒಗೆಯುವವರ ಕೆಲಸವೂ ವೈದ್ಯರ ಕೆಲಸದಷ್ಟೇ ಅಗತ್ಯವಾಗಿತ್ತು. ಒಗೆಯದ ಬಟ್ಟೆಯ ಮೇಲೆ ಮಾಡಿದ ಶಸ್ತ್ರಚಿಕಿತ್ಸೆಯು ಯಾರನ್ನೂ ಬದುಕಿಸಲಾರದು.

ಎರಡನೆಯದು, ಅದು ದುಡಿಯುವವರ ಬುದ್ಧಿಯನ್ನೂ ಕೌಶಲವನ್ನೂ ಬೆಳೆಸಬೇಕು. ನಿನ್ನೆಗಿಂತ ಇಂದು ಚೆನ್ನಾಗಿ ಮಾಡಲು ಎಡೆಯಿಲ್ಲದ ಕೆಲಸದಿಂದ ಮನುಷ್ಯನು ಯಂತ್ರವಾಗುತ್ತಾನೆ. ಅಂಥ ಕೆಲಸವನ್ನು ಯಂತ್ರಕ್ಕೇ ಬಿಡುವುದು ಲೇಸು. ಬಿಸಿನೀರಿನಲ್ಲಿ ಬೆರಳಿಡುವ ಕೆಲಸವನ್ನು ಸ್ವಯಂಚಾಲಿತ ಯಂತ್ರಗಳು ಮಾಡತೊಡಗಿರುವುದನ್ನು ನಾವು ಆ ದೃಷ್ಟಿಯಿಂದ ಸ್ವಾಗತಿಸಬೇಕು. ಆದರೆ ಆ ಬೆರಳುಗಳ ಒಡತಿಗೆ ಯಂತ್ರವನ್ನು ನಡೆಸುವ ವಿದ್ಯೆಯನ್ನು ಕಲಿಸದಿದ್ದರೆ ಆಕೆಯ ಅನ್ನವನ್ನೇ ಕಿತ್ತುಕೊಂಡಂತಾಗುವುದೆಂಬುದನ್ನೂ ಮರೆಯಬಾರದು.

ಮೂರನೆಯದು, ದುಡಿದವರಿಗೆ ಫಲದಲ್ಲಿ ಪಾಲೂ ದೇಹಕ್ಕೆ ವಿಶ್ರಾಂತಿಯೂ ಇರಬೇಕು. 1959ರ ಕಾಯಿದೆಯ ಮೂಲಕ ನಮ್ಮ ರಾಜ್ಯದಲ್ಲಿ ಗೂಡಿನ ಮಾರಾಟವು ಸರ್ಕಾರದ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜಿನಿಂದ ನಡೆಯಬೇಕೆಂಬ ವ್ಯವಸ್ಥೆಯಾಯಿತು. ಶಿಡ್ಲಘಟ್ಟದ ಮಾರುಕಟ್ಟೆಯು ಅಂಥವುಗಳಲ್ಲಿ ಮುಖ್ಯವಾದದ್ದು. ಎಲ್ಲರ ಕಣ್ಣೆದುರಿಗೆ ತೂಗಿ, ಎಲ್ಲರ ಕಿವಿಗೆ ಬೀಳುವಂತೆ ಬೆಲೆ ಕೂಗಿದಾಗ ಸಣ್ಣ ಬೆಳೆಗಾರನ ಬೆವರಿಗೂ ಒಂದು ಮರ್ಯಾದೆ ಬರುತ್ತದೆ. ಈಗ ಹರಾಜು ವಿದ್ಯುನ್ಮಾನ ಯಂತ್ರದ ಮೂಲಕ ನಡೆದರೂ ಅದರ ತತ್ತ್ವ ಇದೇ.

ಈ ಮೂರು ಲಕ್ಷಣಗಳಿಗೆ ಒಂದು ಎಲ್ಲೆಯನ್ನೂ ಸೇರಿಸಬೇಕು. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿಯಾದ ಲಕ್ಕಮ್ಮನು, ನಮಗೆ ಬೇಕಾದದ್ದು ಇಷ್ಟಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ದುಡಿಮೆಯು ಆಸೆಯ ಆಳಾಗಬಾರದೆಂಬ ಈ ಪಾಠವನ್ನು ಹೇಳಿದವಳು ಬಡತನದಲ್ಲಿದ್ದ ಒಬ್ಬ ಗೃಹಿಣಿಯೆಂಬುದು ನಮ್ಮ ನೆನಪಿನಲ್ಲಿರಲಿ. ವರ್ಷಕ್ಕೆ ಇನ್ನೂ ಒಂದು ಬೆಳೆ, ಇನ್ನೂ ಒಂದು ಕೊಳವೆಬಾವಿ ಎಂದು ಓಡಿದ ನಮ್ಮ ಬಯಲುಸೀಮೆಯಲ್ಲಿ ನೀರು ಸಾವಿರ ಅಡಿಯ ಕೆಳಕ್ಕೆ ಇಳಿದಿರುವಾಗ ಲಕ್ಕಮ್ಮನ ಮಾತು ನಮಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಹುಳುವೂ ನಾಲ್ಕು ಸಾರಿ ತಿನ್ನುವುದನ್ನು ನಿಲ್ಲಿಸಿಯೇ ಬೆಳೆಯುವುದು; ನಿಲ್ಲದೆ ತಿನ್ನುವ ಹುಳು ಗೂಡು ಕಟ್ಟಲಾರದು.

6. ತಾಯಿತಂದೆಗಳಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಅರಿಕೆ

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಓದಿದ ಮಗಳು ಸೊಪ್ಪು ಕೊಯ್ದರೆ ಓದು ವ್ಯರ್ಥವಾಗಲಿಲ್ಲ. ಔಷಧದ ಡಬ್ಬಿಯ ಮೇಲಿನ ಬರಹವನ್ನು ಓದಿ, ಬೆಳೆಯ ಲೆಕ್ಕವನ್ನು ತಾನೇ ಬರೆದು, ಮಾರುಕಟ್ಟೆಯಲ್ಲಿ ತನ್ನ ಗೂಡಿನ ಬೆಲೆಯನ್ನು ತಾನೇ ತಿಳಿದು, ಬ್ಯಾಂಕಿನಲ್ಲಿ ತನ್ನ ಹೆಸರಿನ ಖಾತೆಯಲ್ಲಿ ಹಣವನ್ನು ಕಂಡರೆ ಆಕೆಯ ಓದು ಸಾರ್ಥಕವಾಯಿತು. ಆಕೆ ವೈದ್ಯಳೋ ಉಪಾಧ್ಯಾಯಿನಿಯೋ ಇಂಜಿನಿಯರೋ ಆದರೂ ಸಾರ್ಥಕವೇ. ಯಾವ ಕೆಲಸವೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯವು ಆಕೆಯದಾಗಿರಬೇಕು; ಓದು ಕೊಡುವ ಮುಖ್ಯವಾದ ವರವೇ ಅದು. ಆದುದರಿಂದ ತಾಯಿತಂದೆಗಳೇ, ಬೆಳೆ ಕೆಟ್ಟ ವರ್ಷ ಮೊದಲು ನಿಲ್ಲಿಸುವ ಖರ್ಚು ಮಗಳ ಓದಿನದಾಗದಿರಲಿ. ಮನೆಯಲ್ಲಿ ಗಂಡುಮಗನಿಗೂ ಪಾತ್ರೆ ತೊಳೆಯುವುದನ್ನು ಕಲಿಸಿರಿ. ಹೆಂಡತಿಯ ದುಡಿಮೆಯನ್ನು ದುಡಿಮೆಯೆಂದೇ ಕರೆಯಿರಿ.

ಹಳೆಯ ವಿದ್ಯಾರ್ಥಿನಿಯರೇ, ನೀವು ಈಗ ಹಲವು ಊರುಗಳಲ್ಲಿ ಹಲವು ಕೆಲಸಗಳಲ್ಲಿ ಇದ್ದೀರಿ. ನಿಮ್ಮ ಕೈಕೆಳಗೆ ದುಡಿಯುವವರು ಇರಬಹುದು. ಅವರಿಗೆ ಹೊತ್ತಿಗೆ ಸರಿಯಾಗಿ ಕೂಲಿ, ಕುಡಿಯಲು ನೀರು, ಕುಳಿತುಕೊಳ್ಳಲು ಸ್ಥಳ, ವಾರಕ್ಕೊಂದು ಬಿಡುವು ಇವೆಯೇ ಎಂದು ನೋಡುವುದು ನಿಮ್ಮ ವಿದ್ಯೆಯ ಮೊದಲನೆಯ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದವರ ಹೆಸರುಗಳು ಯಾವ ಪಟ್ಟಿಯಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ಸಂಜೆ ಕೈ ತೊಳೆದು ಮನೆಗೆ ಹೋಗುವ ಆ ಹೆಂಗಸಿನ ಮುಖವನ್ನು ನೋಡಿದರೆ ಅದರ ಫಲಿತಾಂಶವು ಯಾರಿಗಾದರೂ ತಿಳಿಯುವುದು.

ವಿಚಾರಕ್ಕೆ ಕೆಲವು ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಒಂದು ದಿನ ನಡೆಯುವ ಎಲ್ಲ ಕೆಲಸಗಳನ್ನೂ ಪಟ್ಟಿಮಾಡಿರಿ. ಯಾವುದನ್ನು ಯಾರು, ಎಷ್ಟು ಹೊತ್ತು ಮಾಡುತ್ತಾರೆ?

2. ನೀವು ಉಟ್ಟ ಒಂದು ಬಟ್ಟೆಯು ನಿಮ್ಮ ಕೈಗೆ ಬರುವ ಮೊದಲು ಎಷ್ಟು ಜನರ ಕೈ ದಾಟಿತು?

3. ನೀವು ಮಾಡುವ ಕೆಲಸವು ಮೇಲೆ ಹೇಳಿದ ಮೂರು ಲಕ್ಷಣಗಳಲ್ಲಿ ಯಾವುದನ್ನು ಹೊಂದಿಲ್ಲ? ಅದನ್ನು ಸರಿಪಡಿಸಲು ನಿಮ್ಮಿಂದ ಆಗುವುದೇನು?